ಸಾಕುಪ್ರಾಣಿಯ ಭಾವಚಿತ್ರ ಅಕ್ರಿಲಿಕ್‌ನಲ್ಲಿ: ಫೋಟೊ ಕೇಳುವುದರಿಂದ ಪಾರ್ಸೆಲ್ ಕಟ್ಟುವವರೆಗೆ

ದುಡ್ಡು ಕೊಟ್ಟು ಚಿತ್ರ ಬರೆಸುವವರಿಗೆ ಬೇಕಿರುವುದು ತಮ್ಮ ಮನೆಯ ನಾಯಿ, ತಮ್ಮ ಮನೆಯ ಬೆಕ್ಕು. ಎಡಗಿವಿಯ ತುದಿ ಮಾತ್ರ ಮಡಚಿಕೊಂಡಿರುವುದು, ಮೂಗಿನ ಪಕ್ಕದ ಗುಲಾಬಿ ಮಚ್ಚೆ, ವಯಸ್ಸಾಗಿ ಗಲ್ಲದ ಕೆಳಗೆ ಬಿಳಿಯಾದ ಕೂದಲು: ಮನೆಯವರ ಕಣ್ಣು ಮೊದಲು ಹುಡುಕುವುದು ಇವನ್ನೇ. ಇವು ತಪ್ಪಿದರೆ ತುಪ್ಪಳ ಎಷ್ಟೇ ಸೊಗಸಾಗಿ ಬಂದಿರಲಿ, ‘ಚೆನ್ನಾಗಿದೆ, ಆದ್ರೆ ನಮ್ಮ ರಾಜು ಥರ ಇಲ್ಲ’ ಎಂಬ ಮಾತು ಬಂದೇ ಬರುತ್ತದೆ. ಹೋಲಿಕೆ ಕೂರುವುದು ಅಳತೆಯಲ್ಲಿ, ನೆರಳು ಬೆಳಕಿನಲ್ಲಿ, ಕಣ್ಣಿನಲ್ಲಿ. ಕೂದಲಿನ ಎಳೆ ಬರುವುದು ಎಲ್ಲಕ್ಕಿಂತ ಕೊನೆಗೆ. ಹೊಸದಾಗಿ ಈ ಕೆಲಸಕ್ಕೆ ಇಳಿದವರು ಬಹುಮಟ್ಟಿಗೆ ಇದನ್ನು ತಿರುಗುಮುರುಗು ಮಾಡುತ್ತಾರೆ. ಅರ್ಧಕ್ಕರ್ಧ ತೊಂದರೆ ಅಲ್ಲಿಂದಲೇ ಶುರು.

ಫೋಟೊ ಸರಿ ಇದ್ದರೆ ಅರ್ಧ ಕೆಲಸ ಮುಗಿದಂತೆ

ಬಣ್ಣದ ಟ್ಯೂಬು ಮುಟ್ಟುವ ಮೊದಲು ಫೋಟೊ ವಿಷಯ ಇತ್ಯರ್ಥ ಆಗಬೇಕು. ಗಿರಾಕಿಗೆ ಹೀಗೆ ಸ್ಪಷ್ಟವಾಗಿ ಬರೆದು ಕಳಿಸಿ:

1. ನೆಲದ ಮೇಲೆ ಕೂತು, ಪ್ರಾಣಿಯ ಕಣ್ಣಿನ ಮಟ್ಟದಲ್ಲಿ ಕ್ಯಾಮೆರಾ ಹಿಡಿಯಿರಿ. ನಿಂತುಕೊಂಡು ಮೇಲಿನಿಂದ ತೆಗೆದರೆ ತಲೆ ದಪ್ಪ, ಕಾಲು ಗಿಡ್ಡ ಕಾಣುತ್ತದೆ.
2. ಐದಾರು ಅಡಿ ದೂರದಿಂದ 2x ಝೂಮ್ ಹಾಕಿ ತೆಗೆಯಿರಿ. ಒಂದೂವರೆ ಅಡಿಯಿಂದ ಮೊಬೈಲಿನಲ್ಲಿ ತೆಗೆದರೆ ಮೂಗು ಊದಿಕೊಂಡು ಕಿವಿ ಹಿಂದೆ ಸರಿಯುತ್ತದೆ.
3. ಬೆಳಗ್ಗೆ ಅಥವಾ ಸಂಜೆ, ಕಿಟಕಿಯ ಪಕ್ಕ ಇಲ್ಲವೇ ಜಗಲಿಯ ನೆರಳಿನಲ್ಲಿ, ಬೆಳಕು ಒಂದೇ ಬದಿಯಿಂದ ಬೀಳುವಂತೆ ಕೂರಿಸಿ. ಫ್ಲ್ಯಾಶ್ ಬೇಡ. ನಾಯಿ, ಬೆಕ್ಕುಗಳ ಕಣ್ಣಿನ ಹಿಂದೆ ಬೆಳಕನ್ನು ಹಿಂದಿರುಗಿಸುವ ಪದರವಿದೆ; ಫ್ಲ್ಯಾಶ್ ಬಿದ್ದರೆ ಕಣ್ಣು ಹಸಿರಾಗಿಯೋ ಹಳದಿಯಾಗಿಯೋ ಹೊಳೆದು ನಿಜವಾದ ಬಣ್ಣವೇ ತಿಳಿಯುವುದಿಲ್ಲ.
4. ವಾಟ್ಸಾಪಿನಲ್ಲಿ ಕಳಿಸುವುದಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಮಾಮೂಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿಹೋಗಿ, ದೊಡ್ಡದು ಮಾಡಿದಾಗ ಕಣ್ಣಿನ ಜಾಗದಲ್ಲಿ ಬರೀ ಚೌಕಗಳು ಉಳಿಯುತ್ತವೆ.
5. ಮುಖ್ಯ ಫೋಟೊ ಜೊತೆಗೆ ಬೇರೆ ಬೇರೆ ದಿನ, ಬೇರೆ ಬೆಳಕಿನಲ್ಲಿ ತೆಗೆದ ಐದಾರು ಫೋಟೊ ಕಳಿಸಿ. ಒಂದು ಚಿಕ್ಕ ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು.

ಐದನೆಯದು ಬಣ್ಣಕ್ಕಾಗಿ. ಟ್ಯೂಬ್‌ಲೈಟಿನ ಕೆಳಗೆ ಕಂದು ನಾಯಿ ಹಸಿರು ಹೊಡೆಯುತ್ತದೆ, ಹಳದಿ ಬಲ್ಬಿನ ಕೆಳಗೆ ಬಿಳಿ ಬೆಕ್ಕು ಕೆನೆಬಣ್ಣ ಆಗುತ್ತದೆ. ನಾಲ್ಕಾರು ಫೋಟೊ ಪಕ್ಕಪಕ್ಕ ಇಟ್ಟು ನೋಡಿದರೆ ನಿಜವಾದ ಬಣ್ಣದ ಅಂದಾಜು ಸಿಗುತ್ತದೆ. ಗುರುತಿನ ಪಟ್ಟಿಯನ್ನೂ ಕೇಳಿ ಬರೆದುಕೊಳ್ಳಿ: ಕಿವಿ ಎತ್ತ ವಾಲುತ್ತದೆ, ಯಾವ ಮಚ್ಚೆ ಎಲ್ಲಿದೆ, ಕೊರಳಪಟ್ಟಿ ಬೇಕೇ ಬೇಡವೇ, ಗೆಜ್ಜೆ ಇತ್ತೇ. ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದ ಫೋಟೊ ಕೆಲವು ಮೊಬೈಲುಗಳಲ್ಲಿ ಎಡಬಲ ತಿರುಗಿ ಉಳಿದಿರುತ್ತದೆ; ಮಚ್ಚೆ ಯಾವ ಬದಿಗಿದೆ ಎಂದು ಕೇಳಿ ಖಚಿತ ಮಾಡಿಕೊಳ್ಳಿ.

ತೀರಿಕೊಂಡ ಪ್ರಾಣಿಯ ಚಿತ್ರಕ್ಕಾಗಿ ಬರುವವರು ಕಡಿಮೆಯೇನಲ್ಲ. ಅವರ ಬಳಿ ಇರುವುದು ಹಳೆಯ ಮಸುಕು ಫೋಟೊಗಳೇ. ಇಂಥ ಕಡೆ ಮಾತು ಮೃದುವಾಗಿರಲಿ, ಆದರೆ ಫೋಟೊ ಸಾಲದಿದ್ದರೆ ಸಾಲದು ಎಂದೇ ಹೇಳಿ. ಒಂದರಿಂದ ತಲೆಯ ಭಂಗಿ, ಇನ್ನೊಂದರಿಂದ ಕಣ್ಣು, ಮತ್ತೊಂದರಿಂದ ಬಣ್ಣ ತೆಗೆದುಕೊಂಡು ಕೂಡಿಸಬಹುದು. ಹಾಗೆ ಮಾಡುವಾಗ ಎಲ್ಲದರಲ್ಲೂ ಬೆಳಕು ಒಂದೇ ಬದಿಯಿಂದ ಬಂದಿರಬೇಕು; ಎರಡು ಕಡೆಯ ಬೆಳಕು ಬೆರೆತರೆ ಮುಖ ಚಪ್ಪಟೆಯಾಗುತ್ತದೆ, ಕಾರಣ ಮಾತ್ರ ಯಾರಿಗೂ ತಿಳಿಯುವುದಿಲ್ಲ. ಇದ್ದ ಫೋಟೊದಲ್ಲಿ ಕಣ್ಣೇ ಕಾಣದಿದ್ದರೆ ಒಂದೋ ಪಕ್ಕದಿಂದ ಕಾಣುವ ಭಂಗಿಗೆ ಒಪ್ಪಿಸಿ, ಇಲ್ಲವೇ ಕೆಲಸ ಬಿಡಿ. ಊಹೆಯಿಂದ ಬರೆದ ಕಣ್ಣು ಯಾರದ್ದೋ ನಾಯಿಯ ಕಣ್ಣಾಗಿರುತ್ತದೆ.

ದರ, ಮುಂಗಡ, ಕರಾರು

ದರ ಕಟ್ಟಲು ಗಂಟೆ ಲೆಕ್ಕವೇ ನ್ಯಾಯವಾದದ್ದು. 12×16 ಇಂಚಿನ ಕ್ಯಾನ್ವಾಸಿನಲ್ಲಿ ಒಂದು ನಾಯಿಯ ಮುಖಕ್ಕೆ ಸುಮಾರಾಗಿ ರೇಖೆಗೆ 2 ಗಂಟೆ, ಅಡಿಬಣ್ಣಕ್ಕೆ 2, ಕಣ್ಣು ಮೂಗಿಗೆ 3, ತುಪ್ಪಳಕ್ಕೆ 9, ಹಿನ್ನೆಲೆ ಮತ್ತು ತಿದ್ದುಪಡಿಗೆ 2, ಒಟ್ಟು 18 ಗಂಟೆ ಹಿಡಿಯಿರಿ. ಗಂಟೆಗೆ ₹300 ಎಂದು ಇಟ್ಟುಕೊಂಡರೆ ₹5,400. ಕ್ಯಾನ್ವಾಸ್, ಬಣ್ಣ, ವಾರ್ನಿಶ್, ಪ್ಯಾಕಿಂಗ್ ಎಲ್ಲ ಸೇರಿ ₹1,200 ಆದರೆ ಒಟ್ಟು ₹6,600. ಅಂದರೆ ಚದರ ಇಂಚಿಗೆ ಹತ್ತಿರ ಹತ್ತಿರ ₹35. ನಿಮ್ಮ ಗಂಟೆಯ ಬೆಲೆ ಬೇರೆ ಇದ್ದರೆ ಅಂಕಿ ಬದಲಾಗುತ್ತದೆ, ಲೆಕ್ಕದ ದಾರಿ ಬದಲಾಗದು. ಚದರ ಇಂಚಿನ ದರ ಇಟ್ಟುಕೊಂಡರೆ ಗಿರಾಕಿಗೆ ಹೇಳಲು ಸುಲಭ, ಆದರೆ ಚಿಕ್ಕ ಚಿತ್ರದಲ್ಲಿ ಅದು ಕೈಕೊಡುತ್ತದೆ. 6×6 ಇಂಚಿನಲ್ಲೂ ಎರಡು ಕಣ್ಣು, ಒಂದು ಮೂಗು ಬರೆಯಲೇಬೇಕು. ಹಾಗಾಗಿ ಕನಿಷ್ಠ ದರವೊಂದನ್ನು ಇಟ್ಟುಕೊಳ್ಳಿ, ಅದಕ್ಕಿಂತ ಕೆಳಗೆ ಇಳಿಯಬೇಡಿ. ಎರಡನೆಯ ಪ್ರಾಣಿ ಸೇರಿದರೆ ಶೇ 50ರಷ್ಟು ಹೆಚ್ಚು ಕೇಳುವುದು ಸರಿ.

ಅರ್ಧ ಹಣ ಮುಂಗಡ, ಉಳಿದದ್ದು ಮುಗಿದ ಚಿತ್ರದ ಫೋಟೊ ಒಪ್ಪಿದ ಮೇಲೆ, ಕಳಿಸುವ ಮೊದಲು. ರೇಖೆ ಹಂತದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ, ಹೀಗೆ ಎರಡು ಸುತ್ತು ತಿದ್ದುಪಡಿ ದರದೊಳಗೇ. ಆಮೇಲಿನದಕ್ಕೆ ಬೇರೆ ಹಣ. ಭಂಗಿ ಬದಲಿಸುವುದು ರೇಖೆ ಹಂತದಲ್ಲಿ ಮಾತ್ರ. ಗಡುವು ಮೂರರಿಂದ ನಾಲ್ಕು ವಾರ ಎನ್ನಿ. ಚಿತ್ರ ಹತ್ತು ದಿನದಲ್ಲಿ ಮುಗಿದರೂ ವಾರ್ನಿಶ್‌ಗೆ ಕಾಯುವ ದಿನಗಳಿವೆ. ಜನವರಿಯ ಚಿತ್ರಸಂತೆಯಂಥ ಕಡೆ ನಿಂತಲ್ಲೇ ಆರ್ಡರ್ ಬರುತ್ತದೆ. ಅಲ್ಲಿಯೂ ಈ ನಾಲ್ಕು ಸಾಲು ಅಚ್ಚಾದ ಚೀಟಿ ಕೈಯಲ್ಲಿರಲಿ.

ಕರಾರಿನಲ್ಲಿ ಹಲವು ಕಲಾವಿದರು ಬಿಟ್ಟುಬಿಡುವ ಒಂದು ಸಾಲಿದೆ, ಅದು ಹಕ್ಕಿನದು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಪಡೆದು ಒಬ್ಬರ ಕೋರಿಕೆಯ ಮೇಲೆ ಬರೆದ ಭಾವಚಿತ್ರದ ಕೃತಿಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದೇ. ಮುಂದೆ ಆ ಚಿತ್ರದ ಪ್ರಿಂಟ್ ಮಾರಬೇಕು, ಕ್ಯಾಲೆಂಡರಿಗೆ ಹಾಕಬೇಕು ಎಂದಿದ್ದರೆ ‘ಕೃತಿಸ್ವಾಮ್ಯ ಕಲಾವಿದರಲ್ಲೇ ಉಳಿಯುತ್ತದೆ, ಬರೆಸಿದವರು ಮನೆಯಲ್ಲಿ ಇಟ್ಟುಕೊಳ್ಳಲು, ಜಾಲತಾಣಗಳಲ್ಲಿ ಹಂಚಿಕೊಳ್ಳಲು ಅಡ್ಡಿಯಿಲ್ಲ’ ಎಂದು ಮೊದಲೇ ಬರೆಸಿ ಇಬ್ಬರೂ ಸಹಿ ಹಾಕಿ. ಹಕ್ಕು ಯಾರ ಬಳಿ ಇದ್ದರೂ ‘ಇದು ನನ್ನ ಕೃತಿ’ ಎಂದು ಹೇಳಿಕೊಳ್ಳುವ ಅಧಿಕಾರವನ್ನು 57ನೇ ಸೆಕ್ಷನ್ ಕಲಾವಿದರಿಗೇ ಉಳಿಸಿದೆ. ಫೋಟೊ ವಿಷಯವೂ ಇದೆ: ಗಿರಾಕಿ ಅಂತರ್ಜಾಲದಿಂದ ಇಳಿಸಿಕೊಂಡ ಚಂದದ ಫೋಟೊ ಕೊಟ್ಟು ‘ಈ ಭಂಗಿಯಲ್ಲೇ ಬರೀರಿ’ ಎಂದರೆ ಒಪ್ಪಬೇಡಿ. ಅದು ತೆಗೆದವರ ಸ್ವತ್ತು.

ಸಾಮಾನು

ಬಣ್ಣ ಹೆಚ್ಚು ಬೇಡ. ಟೈಟಾನಿಯಂ ವೈಟ್, ಯೆಲ್ಲೊ ಓಕರ್, ರಾ ಸಿಯೆನ್ನಾ, ಬರ್ಂಟ್ ಸಿಯೆನ್ನಾ, ಬರ್ಂಟ್ ಅಂಬರ್, ಅಲ್ಟ್ರಾಮರೀನ್ ಬ್ಲೂ ಈ ಆರರಲ್ಲಿ ನಾಯಿ ಬೆಕ್ಕುಗಳ ಬಹುತೇಕ ಬಣ್ಣ ಸಿಗುತ್ತದೆ. ನಾಲಗೆ, ಕಿವಿಯ ಒಳಭಾಗಕ್ಕೆ ಒಂದು ಕೆಂಪು, ಬೆಕ್ಕಿನ ಕಣ್ಣಿಗೆ ಒಂದು ಲೆಮನ್ ಯೆಲ್ಲೊ ಸೇರಿಸಿಕೊಳ್ಳಿ. ಬಿಳಿ ಮಾತ್ರ ದೊಡ್ಡ ಟ್ಯೂಬು ತನ್ನಿ, ಮೊದಲು ಖಾಲಿಯಾಗುವುದು ಅದೇ. ಕಪ್ಪನ್ನು ಟ್ಯೂಬಿನಿಂದ ತೆಗೆಯುವ ಬದಲು ಅಲ್ಟ್ರಾಮರೀನ್ ಮತ್ತು ಬರ್ಂಟ್ ಅಂಬರ್ ಸಮಸಮ ಕಲಸಿ ಮಾಡಿಕೊಳ್ಳಿ. ನೀಲಿ ಹೆಚ್ಚಾದರೆ ತಂಪು ಕಪ್ಪು, ಕಂದು ಹೆಚ್ಚಾದರೆ ಬೆಚ್ಚನೆಯ ಕಪ್ಪು. ಕರಿನಾಯಿ ಬರೆಯುವಾಗ ಈ ಎರಡರ ನಡುವಿನ ಓಡಾಟವೇ ಚಿತ್ರವನ್ನು ಕಾಪಾಡುವುದು.

ಕಲಿಯುವವರ ದರ್ಜೆಯ ಬಣ್ಣದಲ್ಲಿ ವರ್ಣದ್ರವ್ಯ ಕಡಿಮೆ, ಹಾಗಾಗಿ ಒಂದು ಪದರಕ್ಕೆ ಮುಚ್ಚಬೇಕಾದ್ದು ಮೂರು ಪದರ ಬೇಡುತ್ತದೆ. ಅಡಿಬಣ್ಣಕ್ಕೆ ಕ್ಯಾಮಲ್ ಅಥವಾ ಬ್ರಸ್ಟ್ರೊ ಕಂಪನಿಯ ಬಣ್ಣ ಸಾಕು. ಬಿಳಿ ಮತ್ತು ಅಲ್ಟ್ರಾಮರೀನ್ ಮಾತ್ರ ಕಲಾವಿದರ ದರ್ಜೆಯದನ್ನೇ ಕೊಳ್ಳಿ. ಟ್ಯೂಬಿನ ಮೇಲೆ ‘ಹ್ಯೂ’ ಎಂದಿದ್ದರೆ ಆ ಹೆಸರಿನ ದ್ರವ್ಯದ ಬದಲು ಬೇರೆ ದ್ರವ್ಯ ಸೇರಿಸಿ ಹೋಲುವಂತೆ ಮಾಡಿದ ಬಣ್ಣ ಎಂದರ್ಥ. ಕಲಸಿದಾಗ ಎಣಿಸಿದಂತೆ ಬರದೆ ಇರಬಹುದು.

ಕುಂಚಗಳು ಸಿಂಥೆಟಿಕ್ ಇರಲಿ: ಒಂದಿಂಚಿನ ಫ್ಲಾಟ್ ಒಂದು, ತುದಿ ದುಂಡಗಿರುವ ಚಪ್ಪಟೆ ಕುಂಚ ಫಿಲ್ಬರ್ಟ್ 8 ಮತ್ತು 4, ರೌಂಡ್ 2, ಉದ್ದ ಕೂದಲಿನ ರಿಗ್ಗರ್ 0 ಅಥವಾ 1. ಕೂದಲು ಕೆದರಿಹೋದ ಹಳೆಯ ಫ್ಲಾಟ್ ಕುಂಚ ಎಸೆಯಬೇಡಿ, ತುಪ್ಪಳದ ಮಧ್ಯದ ಪದರಕ್ಕೆ ಅದರಷ್ಟು ಒಳ್ಳೆಯದು ಅಂಗಡಿಯಲ್ಲಿ ಸಿಗುವುದಿಲ್ಲ.

ಅಕ್ರಿಲಿಕ್ ಒಣಗುವ ವೇಗವೇ ದೊಡ್ಡ ತಲೆನೋವು. ಮಾರ್ಚ್, ಏಪ್ರಿಲ್‌ನ ಒಣ ಹವೆಯಲ್ಲಿ ಫ್ಯಾನ್ ಕೆಳಗೆ ತೆಳು ಪದರ ಐದೇ ನಿಮಿಷಕ್ಕೆ ಒಣಗುತ್ತದೆ. ಇದಕ್ಕೆ ಒದ್ದೆ ಪ್ಯಾಲೆಟ್ ಮಾಡಿಕೊಳ್ಳಿ: ಮುಚ್ಚಳ ಇರುವ ಚಪ್ಪಟೆ ಪ್ಲಾಸ್ಟಿಕ್ ಡಬ್ಬಿ, ತಳಕ್ಕೆ ನೀರಲ್ಲಿ ನೆನೆಸಿ ಹಿಂಡಿದ ತೆಳು ಸ್ಪಂಜು ಅಥವಾ ನಾಲ್ಕು ಪದರ ಟಿಶ್ಯೂ, ಮೇಲೆ ಅಡುಗೆಮನೆಯ ಬಟರ್ ಪೇಪರ್. ಮುಚ್ಚಿಟ್ಟರೆ ಕಲಸಿದ ಬಣ್ಣ ಎರಡು ಮೂರು ದಿನ ಹಸಿಯಾಗಿಯೇ ಇರುತ್ತದೆ. ಬೂಸು ಹಿಡಿಯದಂತೆ ವಾರಕ್ಕೊಮ್ಮೆ ಸ್ಪಂಜು ತೊಳೆಯಿರಿ. ರಿಟಾರ್ಡರ್ (ಬಣ್ಣ ಒಣಗುವುದನ್ನು ನಿಧಾನ ಮಾಡುವ ದ್ರವ) ಹಾಕುವುದಾದರೆ ಬಾಟಲಿಯ ಮೇಲಿನ ಮಿತಿ ಮೀರಬೇಡಿ. ಹೆಚ್ಚಾದರೆ ಪದರ ದಿನಗಟ್ಟಲೆ ಅಂಟಂಟಾಗಿ ಉಳಿದು ಮೇಲೆ ಹಚ್ಚಿದ್ದೂ ಕಿತ್ತು ಬರುತ್ತದೆ.

ಕ್ಯಾನ್ವಾಸ್ ಸಿದ್ಧತೆ ಮತ್ತು ರೇಖೆ

ಅಂಗಡಿಯಿಂದ ತಂದ ಕ್ಯಾನ್ವಾಸಿನ ನೇಯ್ಗೆ ಒರಟು. ಅದರ ಮೇಲೆ ರಿಗ್ಗರ್ ಎಳೆದರೆ ಗೆರೆ ಮುರಿದು ಮುರಿದು ಚುಕ್ಕೆಯಾಗುತ್ತದೆ. ಎರಡು ಪದರ ಜೆಸ್ಸೋ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ಲೇಪ) ಹಚ್ಚಿ, ಮೊದಲನೆಯದು ಅಡ್ಡಕ್ಕೆ, ಒಣಗಿದ ಮೇಲೆ ಎರಡನೆಯದು ಉದ್ದಕ್ಕೆ. ಪ್ರತಿ ಪದರ ಒಣಗಿದಾಗ 400 ನಂಬರಿನ ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಉಪ್ಪುಕಾಗದ) ತುಸು ಒದ್ದೆ ಮಾಡಿ ಹಗುರಾಗಿ ಉಜ್ಜಿ. ಒಣ ಉಜ್ಜಿದರೆ ಏಳುವ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ. ಎಂಡಿಎಫ್ ಹಲಗೆ ಬಳಸುವುದಾದರೆ ಹಿಂಬದಿ, ಅಂಚು ಎಲ್ಲಕ್ಕೂ ಜೆಸ್ಸೋ ಬೀಳಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಬಾಗುತ್ತದೆ. ಮಲೆನಾಡು, ಕರಾವಳಿಯ ಮನೆಗೆ ಹೋಗುವ ಚಿತ್ರಕ್ಕೆ ಅಗ್ಗದ ಕ್ಯಾನ್ವಾಸ್ ಬೋರ್ಡ್ ಬೇಡವೇ ಬೇಡ.

ಮುಖವನ್ನು ಜೀವಂತ ಗಾತ್ರಕ್ಕಿಂತ ತುಸು ಚಿಕ್ಕದಾಗಿ ಇಡಿ. 12×16ರಲ್ಲಿ ಕಿವಿಯ ಮೇಲ್ತುದಿಯಿಂದ ಗಲ್ಲದವರೆಗೆ 8ರಿಂದ 9 ಇಂಚು ಸಾಕು. ಪ್ರಾಣಿ ಯಾವ ಕಡೆ ನೋಡುತ್ತಿದೆಯೋ ಆ ಕಡೆ ಜಾಗ ಹೆಚ್ಚಿರಲಿ.

ರೇಖೆಗೆ ಒಂದಿಂಚಿನ ಚೌಕ ಹಾಕಿ ಬರೆಯುವುದೋ, ಅಳತೆಗೆ ಪ್ರಿಂಟ್ ತೆಗೆದು ಹಿಂಬದಿಗೆ ಪೆನ್ಸಿಲ್ ಸೀಸ ಉಜ್ಜಿ ಒತ್ತಿ ಇಳಿಸುವುದೋ ನಿಮ್ಮಿಷ್ಟ. ವೃತ್ತಿಯಲ್ಲಿ ಎರಡೂ ಸರಿಯೇ, ನಾಚಿಕೆ ಪಡಬೇಕಿಲ್ಲ. ಕಚೇರಿಯ ನೀಲಿ ಕಾರ್ಬನ್ ಮಾತ್ರ ಬಳಸಬೇಡಿ, ಅದರ ಬಣ್ಣ ಅಕ್ರಿಲಿಕ್ ಪದರ ದಾಟಿ ಮೇಲೆ ಬರುತ್ತದೆ. ಇಳಿಸಿದ ಮೇಲೆ ಮೂರು ಅಳತೆ ಸ್ಕೇಲಿಟ್ಟು ನೋಡಿ: ಎರಡು ಕಣ್ಣಿನ ಒಳಮೂಲೆಗಳ ನಡುವಿನ ಅಂತರ, ಕಣ್ಣಿನಿಂದ ಮೂಗಿನ ತುದಿ, ಮೂಗಿನಿಂದ ಗಲ್ಲ. ಇವು ಫೋಟೊದ ಅನುಪಾತಕ್ಕೆ ಸರಿಹೊಂದಿದರೆ ಮುಂದೆ ಹೋಗಿ. ಕಣ್ಣಿನ ಒಳಮೂಲೆ ಎರಡೇ ಮಿಲಿಮೀಟರ್ ಸರಿದರೂ ತಳಿಯೇ ಬದಲಾದಂತೆ ಕಾಣುತ್ತದೆ. ಈ ಹಂತದ ಫೋಟೊ ಗಿರಾಕಿಗೆ ಕಳಿಸಿ, ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ.

ಅಡಿಬಣ್ಣ

ಬಿಳಿ ಕ್ಯಾನ್ವಾಸಿನ ಮೇಲೆ ಯಾವ ಬಣ್ಣ ಇಟ್ಟರೂ ಕಪ್ಪಾಗಿಯೇ ತೋರುತ್ತದೆ, ಹೆದರಿ ತಿಳಿಯಾಗಿ ಹಚ್ಚುತ್ತ ಹೋಗುತ್ತೇವೆ. ಅದಕ್ಕೇ ಬರ್ಂಟ್ ಸಿಯೆನ್ನಾವನ್ನು ನೀರಿನಲ್ಲಿ ತೆಳು ಮಾಡಿ ಇಡೀ ಕ್ಯಾನ್ವಾಸಿಗೆ ರೇಖೆ ಕಾಣುವಂತೆ ಬಳಿದು ಒಣಗಿಸಿ. ಬಿಳಿ ಅಥವಾ ಬೂದು ಪ್ರಾಣಿಗೆ ಸಿಯೆನ್ನಾ ಬದಲು ನಡುಮಟ್ಟದ ಬೂದು ಒಳ್ಳೆಯದು.

ಫೋಟೊವನ್ನು ಮೊಬೈಲಿನಲ್ಲೇ ಕಪ್ಪುಬಿಳುಪು ಮಾಡಿ ಪಕ್ಕಕ್ಕಿಡಿ. ಕಣ್ಣು ಕಿರಿದು ಮಾಡಿ ನೋಡಿದರೆ ಅದು ಮೂರೇ ತುಂಡಾಗಿ ಕಾಣುತ್ತದೆ: ಕತ್ತಲು, ನಡು, ಬೆಳಕು. ಫಿಲ್ಬರ್ಟ್ 8ರಲ್ಲಿ ಈ ಮೂರನ್ನು ಮಾತ್ರ ತುಂಬಿ. ಕೂದಲು ಬೇಡ, ಕಣ್ಣಿನ ಮಿಂಚು ಬೇಡ, ಬೆಳಕಿನ ಭಾಗಕ್ಕೂ ಶುದ್ಧ ಬಿಳಿ ಬೇಡ. ಪ್ರತಿಯೊಂದನ್ನೂ ಕೊನೆಗೆ ಬೇಕಾದ್ದಕ್ಕಿಂತ ಒಂದು ಮಟ್ಟ ಕಪ್ಪಗೇ ಇಡಿ, ಮೇಲಿನ ಪದರಗಳು ಬೆಳಕು ತರುತ್ತವೆ. ಹತ್ತಡಿ ದೂರ ನಿಂತು ನೋಡಿದಾಗ ‘ಇದು ಅದೇ ನಾಯಿ’ ಎನ್ನಿಸಬೇಕು. ಎನ್ನಿಸದಿದ್ದರೆ ಈಗಲೇ ತಿದ್ದಿ. ಚಿತ್ರವನ್ನು ತಲೆಕೆಳಗು ಮಾಡಿ, ಫೋಟೊವನ್ನೂ ತಲೆಕೆಳಗು ಮಾಡಿ ಹೋಲಿಸಿದರೆ ತಪ್ಪು ಬೇಗ ಸಿಕ್ಕಿಬೀಳುತ್ತದೆ.

ಅಕ್ರಿಲಿಕ್ ಒಣಗಿದಾಗ ಒಂದಿಷ್ಟು ಕಪ್ಪಾಗುತ್ತದೆ. ಹಸಿಯಿದ್ದಾಗ ಅದರ ಅಂಟು ಹಾಲಿನಂತೆ ಬೆಳ್ಳಗಿರುತ್ತದೆ, ಒಣಗಿದಾಗ ಪಾರದರ್ಶಕ ಆಗುತ್ತದೆ, ಆಗ ನಿಜವಾದ ಬಣ್ಣ ಹೊರಬರುತ್ತದೆ. ಗಾಢ ಬಣ್ಣಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಅಂದಾಜಿಗೆ ಸಿಗದ ಬಣ್ಣವನ್ನು ಕಾಗದದ ಚೂರಿಗೆ ಹಚ್ಚಿ ಹೇರ್ ಡ್ರೈಯರ್ ಹಿಡಿದು ಒಣಗಿಸಿ, ಫೋಟೊ ಪಕ್ಕ ಇಟ್ಟು ನೋಡಿ, ಆಮೇಲೆ ಕ್ಯಾನ್ವಾಸಿಗೆ ಹೋಗಿ.

ಕಣ್ಣು

ತುಪ್ಪಳಕ್ಕೆ ಮೊದಲು ಕಣ್ಣು ಮುಗಿಸಿ. ಕಣ್ಣು ಕೂತರೆ ಉಳಿದ ಕೆಲಸಕ್ಕೆ ಧೈರ್ಯ ಬರುತ್ತದೆ, ಕೂರದಿದ್ದರೆ ಅಳಿಸಿ ಬರೆಯಲು ಇದೇ ಹೊತ್ತು.

ಮೊದಲು ರೆಪ್ಪೆಯ ಅಂಚನ್ನು ಬೆಚ್ಚನೆಯ ಕಪ್ಪಿನಲ್ಲಿ ಬರೆಯಿರಿ. ಮೇಲಿನ ರೆಪ್ಪೆಯ ಗೆರೆ ದಪ್ಪ, ಕೆಳಗಿನದು ತೆಳು. ಪಾಪೆ ಆಮೇಲೆ. ನಾಯಿಯದು ಯಾವಾಗಲೂ ದುಂಡು. ಬೆಕ್ಕಿನದು ಜೋರು ಬೆಳಕಿನಲ್ಲಿ ಸೀಳಿನಂತೆ, ಮಬ್ಬಿನಲ್ಲಿ ದುಂಡಗೆ. ಕಿಟಕಿ ಪಕ್ಕ ಬಿಸಿಲಿನಲ್ಲಿ ಕೂತ ಬೆಕ್ಕಿಗೆ ದುಂಡು ಪಾಪೆ ಬರೆದರೆ ನೋಡಿದವರಿಗೆ ಏನೋ ಸರಿಯಿಲ್ಲ ಎನ್ನಿಸುತ್ತದೆ.

ಪಾಪೆಯ ಸುತ್ತಲಿನ ಬಣ್ಣದ ವರ್ತುಲ ಒಂದೇ ಬಣ್ಣದ್ದಲ್ಲ. ಮೇಲಿನ ಮೂರನೆಯ ಒಂದು ಭಾಗಕ್ಕೆ ರೆಪ್ಪೆಯ ನೆರಳು ಬೀಳುತ್ತದೆ, ಅಲ್ಲಿ ಬರ್ಂಟ್ ಅಂಬರ್. ನಡುವೆ ಬರ್ಂಟ್ ಸಿಯೆನ್ನಾ. ಬೆಳಕಿನ ಚುಕ್ಕೆಗೆ ಎದುರಾಗಿ ಕೆಳಗಡೆ ರಾ ಸಿಯೆನ್ನಾಕ್ಕೆ ಚೂರು ಬಿಳಿ ಸೇರಿಸಿದ ತಿಳಿ ಅರ್ಧಚಂದ್ರ. ಈ ಅರ್ಧಚಂದ್ರದಿಂದಲೇ ಕಣ್ಣಿಗೆ ಆಳ ಬರುವುದು. ಬೆಳಕು ಕಣ್ಣಿನೊಳಗೆ ಹೊಕ್ಕು ಎದುರು ಬದಿಯನ್ನು ಬೆಳಗುತ್ತದೆ. ವರ್ತುಲದ ಹೊರ ಅಂಚು ಸ್ವಲ್ಪ ಮಸುಕಾಗಿರಲಿ, ಗೆರೆ ಕೊರೆದಂತೆ ಬರೆದರೆ ಗೊಂಬೆಯ ಕಣ್ಣಾಗುತ್ತದೆ.

ಬೆಳಕಿನ ಚುಕ್ಕೆ ಕೊನೆಗೆ, ಬಿಳಿಗೆ ಅಲ್ಟ್ರಾಮರೀನಿನ ಸುಳಿವು ಮಾತ್ರ ಸೇರಿಸಿ. ಎರಡೂ ಕಣ್ಣಿನಲ್ಲಿ ಅದು ಗಡಿಯಾರದ ಮುಳ್ಳಿನ ಒಂದೇ ಜಾಗದಲ್ಲಿರಬೇಕು. ಒಂದರಲ್ಲಿ ಹತ್ತರ ಕಡೆ ಇದ್ದರೆ ಇನ್ನೊಂದರಲ್ಲೂ ಹತ್ತರ ಕಡೆಯೇ. ದುಂಡಗೆ ಚುಕ್ಕೆ ಇಡುವ ಬದಲು ಕಿಟಕಿಯ ಆಕಾರ ಇದ್ದಂತೆ ಬರೆಯಿರಿ. ಫೋಟೊದಲ್ಲಿ ಮೂರು ನಾಲ್ಕು ಚುಕ್ಕೆ ಇದ್ದರೂ ದೊಡ್ಡದೊಂದನ್ನು ಉಳಿಸಿ ಮಿಕ್ಕವನ್ನು ಬಿಡಿ. ಕೆಳರೆಪ್ಪೆಯ ಒದ್ದೆ ಅಂಚಿಗೆ ಕೂದಲೆಳೆಯಷ್ಟು ತಿಳಿಬೂದು ಗೆರೆ ಎಳೆದರೆ ಕಣ್ಣು ತೇವವಾಗಿ ಕಾಣುತ್ತದೆ.

ಮೂಗಿಗೆ ಬಂದರೆ, ಕಪ್ಪು ಮೂಗೂ ಕಪ್ಪಲ್ಲ. ಹೊಳ್ಳೆಗಳ ಒಳಗೆ ಮಾತ್ರ ಚಿತ್ರದ ಅತಿ ಗಾಢ ಬಣ್ಣ. ಮೇಲ್ಭಾಗ ಆಕಾಶದ ಬೆಳಕು ಹಿಡಿದು ನೀಲಿಬೂದು, ಕೆಳಭಾಗ ಬೆಚ್ಚನೆಯ ಕಂದುಗಪ್ಪು. ಹೊಳಪನ್ನು ಒಂದೇ ಪಟ್ಟೆಯಾಗಿ ಎಳೆಯದೆ ಚಿಕ್ಕ ಚಿಕ್ಕ ತುಣುಕಾಗಿ ಒತ್ತಿ. ಮೂಗಿನ ಚರ್ಮದ ತರಿ ತಾನಾಗಿ ಬರುತ್ತದೆ.

ತುಪ್ಪಳ

ಮೊದಲು ಕೂದಲು ಹರಿಯುವ ದಿಕ್ಕಿನ ನಕ್ಷೆ ಮಾಡಿಕೊಳ್ಳಿ. ಫೋಟೊದ ಪ್ರಿಂಟ್ ಮೇಲೆ ಪೆನ್ನಿನಿಂದ ಬಾಣ ಹಾಕಿ: ಮೂಗಿನ ಹಿಂದಿನಿಂದ ಹಣೆಯ ಕಡೆ ಮೇಲಕ್ಕೆ, ಕಣ್ಣಿನ ಒಳಮೂಲೆಯಿಂದ ಎರಡೂ ಕಡೆ ಕವಲೊಡೆದು ಕೆನ್ನೆಗೆ, ಕೆನ್ನೆಯಿಂದ ಹಿಂದಕ್ಕೆ ಕತ್ತಿಗೆ. ಎದೆಯ ಮೇಲೆ, ಕತ್ತಿನ ಪಕ್ಕದಲ್ಲಿ ಸುಳಿ ಇರಬಹುದು. ಸುಳಿಯ ಜಾಗ ಪ್ರಾಣಿಯಿಂದ ಪ್ರಾಣಿಗೆ ಬೇರೆ, ಮನೆಯವರಿಗೆ ಅದು ಗೊತ್ತಿರುತ್ತದೆ. ಮೂಗಿನ ಮೇಲೆ ಕೂದಲು ಮೂರು ನಾಲ್ಕು ಮಿಲಿಮೀಟರ್ ಇದ್ದರೆ ಕತ್ತಿನಲ್ಲಿ ಅದರ ಹತ್ತು ಪಟ್ಟು ಇರಬಹುದು. ಗೆರೆಯ ಉದ್ದವೂ ಹಾಗೆಯೇ ಬೆಳೆಯುತ್ತ ಹೋಗಬೇಕು. ಎಲ್ಲ ಕಡೆ ಒಂದೇ ಉದ್ದದ ಗೆರೆ ಎಳೆದ ಚಿತ್ರ ಮುಳ್ಳುಹಂದಿಯಾಗುತ್ತದೆ.

ಪದರಗಳು ಮೂರು. ಒಣಗಿದ ಅಡಿಬಣ್ಣದ ಮೇಲೆ ಫಿಲ್ಬರ್ಟ್ 4ರಲ್ಲಿ ಕೂದಲಿನ ಗೊಂಚಲುಗಳ ನಡುವಿನ ನೆರಳು ಬರೆಯಿರಿ. ಎರಡನೆಯದಾಗಿ ಕೆದರಿದ ಹಳೆಯ ಕುಂಚಕ್ಕೆ ನಡುಬಣ್ಣ ಸ್ವಲ್ಪವೇ ಹಿಡಿಸಿ, ಬಟ್ಟೆಗೆ ಒರೆಸಿ, ದಿಕ್ಕಿಗೆ ಸರಿಯಾಗಿ ಎಳೆಯಿರಿ. ಮೂರನೆಯದು ರಿಗ್ಗರ್. ಬಣ್ಣಕ್ಕೆ ನೀರು ಮತ್ತು ಫ್ಲೋ ಇಂಪ್ರೂವರ್ (ಬಣ್ಣ ಸರಾಗವಾಗಿ ಹರಿಯುವಂತೆ ಮಾಡುವ ದ್ರವ) ಸೇರಿಸಿ ನೀರುಮಜ್ಜಿಗೆಯಷ್ಟು ತೆಳು ಮಾಡಿ, ಬುಡದಲ್ಲಿ ತುಸು ಒತ್ತಿ ತುದಿಗೆ ಹೋಗುತ್ತ ಕೈ ಎತ್ತಿಬಿಡಿ. ಬಣ್ಣ ದಪ್ಪವಿದ್ದರೆ ಗೆರೆ ಅರ್ಧಕ್ಕೇ ಮುರಿಯುತ್ತದೆ. ತೀರಾ ನೀರಾದರೆ ಮುಚ್ಚುವ ಶಕ್ತಿ ಕಳೆದುಕೊಂಡು ಒಣಗಿದಾಗ ಮಾಯವಾಗುತ್ತದೆ.

ರಿಗ್ಗರ್‌ನಲ್ಲಿ ಇಡೀ ಮೈಯ ಕೂದಲು ಎಳೆಯುವ ಹುರುಪು ಬೇಡ. ಬೆಳಕು ನೆರಳು ಸೇರುವ ಕಡೆ, ಕಿವಿಯ ಅಂಚಿನಲ್ಲಿ, ಮುಖದ ಹೊರರೇಖೆಯಲ್ಲಿ ಎಳೆ ಕಂಡರೆ ಸಾಕು, ಉಳಿದದ್ದನ್ನು ನೋಡುವವರ ಕಣ್ಣು ತುಂಬಿಕೊಳ್ಳುತ್ತದೆ. ಗಾಢ ನೆರಳಿನಲ್ಲಿ ಒಂದೊಂದು ಎಳೆ ಬರೆದರೆ ನೆರಳು ಸತ್ತು ಮುಖ ಚಪ್ಪಟೆಯಾಗುತ್ತದೆ.

ಬಣ್ಣದ ಮಾತು. ಕೆಂಚು ಬಣ್ಣದ ನಾಡತಳಿ ನಾಯಿಗೆ ಬರ್ಂಟ್ ಸಿಯೆನ್ನಾ ಮತ್ತು ಓಕರ್, ನೆರಳಿಗೆ ಬರ್ಂಟ್ ಅಂಬರ್ ಜೊತೆ ಚೂರು ಅಲ್ಟ್ರಾಮರೀನ್. ಗೋಲ್ಡನ್ ರಿಟ್ರೀವರಿಗೆ ಬೆಳಕು ತರಲು ಬಿಳಿ ಸುರಿಯುತ್ತ ಹೋದರೆ ಸುಣ್ಣ ಬಳಿದಂತೆ ಬೆಳ್ಳಗೆ ಸಪ್ಪೆಯಾಗುತ್ತದೆ, ಬಿಳಿ ಸೇರಿಸಿದಾಗಲೆಲ್ಲ ಓಕರನ್ನೂ ಸೇರಿಸಿ. ಆದರೂ ಸಪ್ಪೆಯಾದರೆ ಒಣಗಿದ ಮೇಲೆ ಒಂದು ಪಾಲು ರಾ ಸಿಯೆನ್ನಾಕ್ಕೆ ಎಂಟು ಪಾಲು ಗ್ಲೇಜಿಂಗ್ ಮೀಡಿಯಂ (ಬಣ್ಣವನ್ನು ಪಾರದರ್ಶಕ ಮಾಡುವ ದ್ರವ) ಬೆರೆಸಿ ತೆಳುವಾಗಿ ಬಳಿಯಿರಿ, ಕಾವು ಮರಳಿ ಬರುತ್ತದೆ.

ಬಿಳಿ ಪ್ರಾಣಿಯಲ್ಲಿ ಶುದ್ಧ ಬಿಳಿ ಇರುವುದು ಬೆಳಕು ನೇರ ಬಿದ್ದ ನಾಲ್ಕಾರು ಕಡೆ ಮಾತ್ರ. ಮಿಕ್ಕದ್ದೆಲ್ಲ ನೀಲಿಬೂದು, ಹಳದಿಬೂದು, ನೆಲದ ಬಣ್ಣ ಹಿಡಿದ ಬೂದು. ಹಿನ್ನೆಲೆ ನಡುಮಟ್ಟದಷ್ಟಾದರೂ ಗಾಢ ಇರಬೇಕು. ಕರಿಯ ಪ್ರಾಣಿಗೆ ಇದರ ತದ್ವಿರುದ್ಧ: ಕತ್ತಲಿನಿಂದ ಶುರು ಮಾಡಿ ಹೊಳಪುಗಳಿಂದ ಆಕಾರ ಕಟ್ಟಿ, ನೆರಳಿನ ಕಡೆ ತಂಪು ನೀಲಿಬೂದು, ಬಿಸಿಲಿನ ಕಡೆ ಕಂದು. ಹೊಳಪು ಎಷ್ಟೇ ಜೋರಾಗಿ ಕಂಡರೂ ನಡುಬೂದು ದಾಟಬೇಡಿ, ದಾಟಿದರೆ ನಾಯಿ ಕರಿಯದಾಗಿ ಉಳಿಯುವುದಿಲ್ಲ.

ಮುಧೋಳ ನಾಯಿ ಇಲ್ಲಿ ಬೇರೆಯೇ ಪಾಠ. ಅದರ ಕೂದಲು ಚರ್ಮಕ್ಕೆ ಅಂಟಿದಷ್ಟು ಗಿಡ್ಡ. ಎಳೆ ಬರೆಯಲು ಹೊರಟರೆ ಕೆಟ್ಟಿತು. ಉದ್ದನೆಯ ಕಿರಿದಾದ ತಲೆಬುರುಡೆ, ಕಣ್ಣಿನ ಕೆಳಗಿನ ಎಲುಬು, ಕತ್ತಿನ ಸ್ನಾಯು, ಇವುಗಳ ಮೇಲೆ ಬೆಳಕು ಹೇಗೆ ಜಾರುತ್ತದೆ ಎಂಬುದನ್ನು ಫಿಲ್ಬರ್ಟಿನಲ್ಲಿ ನುಣುಪಾಗಿ ಬರೆಯಬೇಕು. ಒಂದು ಬಣ್ಣ ಇನ್ನೊಂದಕ್ಕೆ ಕರಗಬೇಕಾದ ಕಡೆ ರಿಟಾರ್ಡರ್ ಉಪಯೋಗಕ್ಕೆ ಬರುವುದು ಇಲ್ಲೇ. ಎಳೆ ಬೇಕಿದ್ದರೆ ಕಿವಿಯ ಅಂಚಿಗೆ, ಕತ್ತಿನ ಕೆಳಗೆ ನಾಲ್ಕಾರು ಸಾಕು. ಹಳ್ಳಿಕಾರ್ ಎತ್ತಿನ ಚಿತ್ರ ಬರೆಸುವ ರೈತರಿಗೂ ಇದೇ ಕ್ರಮ. ಅಲ್ಲಿ ಕೊಂಬಿನ ಬಾಗು ಒಂದಿನಿತು ತಪ್ಪಿದರೂ ಅವರು ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಮೀಸೆ ಎಲ್ಲಕ್ಕಿಂತ ಕೊನೆಗೆ. ಒಂದೇ ಉಸಿರಿನಲ್ಲಿ, ಭುಜದಿಂದ ಕೈ ಬೀಸಿ ಎಳೆಯಿರಿ. ಹಾಳೆಯ ಮೇಲೆ ಹತ್ತು ಬಾರಿ ಅಭ್ಯಾಸ ಮಾಡಿಯೇ ಕ್ಯಾನ್ವಾಸಿಗೆ ಬನ್ನಿ. ತಪ್ಪಿದರೆ ತಕ್ಷಣ ಒದ್ದೆ ಬಟ್ಟೆಯಿಂದ ಒರೆಸಿ. ಕೆಳಗಿನ ಪದರ ಒಣಗಿರುವುದರಿಂದ ಅದಕ್ಕೇನೂ ಆಗದು.

ಹಿನ್ನೆಲೆ

ಸರಳವಾಗಿರಲಿ. ಪ್ರಾಣಿಯ ಬಣ್ಣಕ್ಕೆ ಎದುರಾದ ಬಣ್ಣವನ್ನು ಮಂಕು ಮಾಡಿ ಹಚ್ಚಿದರೆ ಸಾಕು, ಕೆಂಚು ನಾಯಿಗೆ ಬೂದುಹಸಿರು ಅಥವಾ ನೀಲಿಬೂದು. ಹಿನ್ನೆಲೆಯನ್ನು ಅಡಿಬಣ್ಣದ ಹೊತ್ತಿಗೇ ಹಚ್ಚಿ, ತುಪ್ಪಳದ ಹೊರ ಎಳೆಗಳು ಅದರ ಮೇಲೆ ಬೀಳಬೇಕು. ಮುಗಿದ ಪ್ರಾಣಿಯ ಸುತ್ತ ಆಮೇಲೆ ಹಿನ್ನೆಲೆ ತುಂಬಿದರೆ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ.

ವಾರ್ನಿಶ್

ಮುಟ್ಟಿದಾಗ ಒಣಗಿದೆ ಎನ್ನಿಸುವುದು ಬೇರೆ, ಒಳಗಿನ ನೀರು ಪೂರ್ತಿ ಹೋಗುವುದು ಬೇರೆ. ತೆಳು ಪದರದ ಚಿತ್ರಕ್ಕೆ ಕನಿಷ್ಠ ಒಂದೆರಡು ವಾರ ಕೊಡಿ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಮೊದಲು ಹೊಳಪು ಬರುವಂಥ (gloss) ಸಾಫ್ಟ್ ಜೆಲ್ ಎರಡು ಪಾಲು, ನೀರು ಒಂದು ಪಾಲು ಬೆರೆಸಿ ಒಂದು ಕಾಪು ಪದರ ಹಚ್ಚಿ. ಮುಂದೆಂದಾದರೂ ವಾರ್ನಿಶ್ ತೆಗೆದು ಶುಚಿ ಮಾಡಬೇಕಾದಾಗ ಬಣ್ಣ ಕಿತ್ತು ಬರದಂತೆ ಇದು ತಡೆಯುತ್ತದೆ. ಒಂದು ದಿನ ಬಿಟ್ಟ ಮೇಲೆ, ಬೇಕಾದಾಗ ತೆಗೆಯಲು ಬರುವಂಥ ವಾರ್ನಿಶನ್ನು ಎರಡು ತೆಳು ಪದರ ಹಚ್ಚಿ, ಒಂದಕ್ಕೊಂದು ಅಡ್ಡಕ್ಕೆ. ಹಚ್ಚಿದ ಜಾಗಕ್ಕೆ ಮತ್ತೆ ಮತ್ತೆ ಕುಂಚ ಆಡಿಸಿದರೆ ಗುಳ್ಳೆ ಏಳುತ್ತದೆ, ಒಣಗಿದ ಮೇಲೆ ಅವು ಬಿಳಿ ಚುಕ್ಕೆಗಳಾಗಿ ಉಳಿಯುತ್ತವೆ. ಜಡಿಮಳೆಯ ದಿನ ವಾರ್ನಿಶ್ ಹಚ್ಚಬೇಡಿ, ತೇವ ಸಿಕ್ಕಿಕೊಂಡು ಮಬ್ಬು ಕಟ್ಟುತ್ತದೆ. ಕರಿಪ್ರಾಣಿಯ ಚಿತ್ರಕ್ಕೆ ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಬೇಡ, ಕಪ್ಪೆಲ್ಲ ಬೂದಿ ಹೊಡೆಯುತ್ತದೆ; ಅರೆಹೊಳಪಿನ ಸ್ಯಾಟಿನ್ ಸರಿ.

ಕುಂಚಗಳನ್ನು ನೀರಿನ ಲೋಟದಲ್ಲಿ ನಿಲ್ಲಿಸಿ ಎದ್ದು ಹೋಗಬೇಡಿ, ತುದಿ ಬಾಗಿ ಮತ್ತೆ ನೆಟ್ಟಗಾಗುವುದಿಲ್ಲ. ಉಳಿದ ಬಣ್ಣವನ್ನು ಬಟ್ಟೆಗೆ ಒರೆಸಿ ಕಸಕ್ಕೆ ಹಾಕಿ, ಆಮೇಲೆ ಸೋಪಿನಲ್ಲಿ ಬುಡದವರೆಗೆ ತೊಳೆಯಿರಿ.

ಕಟ್ಟಿ ಕಳಿಸುವುದು

ಪೂರ್ತಿ ಒಣಗಿದ ಅಕ್ರಿಲಿಕ್ ಕೂಡ ಬಿಸಿಗೆ ಮೆತ್ತಗಾಗುತ್ತದೆ. ಮೇಲೆ ನೇರವಾಗಿ ಬಬಲ್ ರ‍್ಯಾಪ್ ಸುತ್ತಿದರೆ ಬೇಸಿಗೆಯ ಲಾರಿಯಲ್ಲಿ ಎರಡು ದಿನ ಕಳೆಯುವಷ್ಟರಲ್ಲಿ ಮುಖದ ತುಂಬ ದುಂಡು ಗುರುತು ಬಿದ್ದಿರುತ್ತವೆ. ಮೊದಲು ಗ್ಲಾಸೀನ್ (ನುಣುಪಾದ ತೆಳು ಕಾಗದ) ಅಥವಾ ಸಿಲಿಕೋನ್ ಲೇಪದ ಬೇಕಿಂಗ್ ಪೇಪರ್ ಹಾಸಿ. ನಾಲ್ಕು ಮೂಲೆಗೆ ರಟ್ಟಿನ ಕಾಪು ಕೊಟ್ಟು, ಅದರ ಮೇಲೆ ಚಿತ್ರಕ್ಕೆ ತಾಗದಂತೆ ಗಟ್ಟಿ ರಟ್ಟಿನ ಹಾಳೆ ಇಟ್ಟು, ಆಮೇಲೆ ಗುಳ್ಳೆ ಹೊರಮುಖವಾಗಿ ಬಬಲ್ ರ‍್ಯಾಪ್ ಸುತ್ತಿ. ಹೊರಪೆಟ್ಟಿಗೆಯಲ್ಲಿ ಎಲ್ಲ ಕಡೆ ಎರಡಿಂಚು ಜಾಗ ಬಿಟ್ಟು ಕಾಗದದ ಉಂಡೆ ತುಂಬಿ, ಅಲುಗಾಡಿಸಿದರೆ ಸದ್ದು ಬರಬಾರದು. ಮಳೆಗಾಲವಾದರೆ ಒಳಗಿನ ಕಟ್ಟಿಗೆ ಪ್ಲಾಸ್ಟಿಕ್ ಚೀಲವೂ ಬೇಕು. ಮುಚ್ಚುವ ಮೊದಲು ಎದುರು, ಹಿಂಬದಿ, ಮೂಲೆಗಳ ಫೋಟೊ ತೆಗೆದಿಡಿ. ದಾರಿಯಲ್ಲಿ ಏಟು ಬಿದ್ದರೆ ಕೊರಿಯರಿನವರ ಎದುರು ಅದೇ ಸಾಕ್ಷಿ.

ಕ್ಯಾನ್ವಾಸಿನ ಹಿಂದೆ ಪ್ರಾಣಿಯ ಹೆಸರು, ವರ್ಷ, ಬಳಸಿದ ವಾರ್ನಿಶ್ ಯಾವುದು, ನಿಮ್ಮ ಸಹಿ. ಜೊತೆಗೊಂದು ಚೀಟಿ: ನೇರ ಬಿಸಿಲು ಬೀಳುವ ಗೋಡೆಗೆ, ಅಡುಗೆಮನೆಯ ಹೊಗೆಗೆ ತೂಗುಹಾಕಬೇಡಿ, ಧೂಳನ್ನು ಒಣ ಮೆತ್ತನೆಯ ಕುಂಚದಿಂದ ಕೊಡವಿ, ಕಾಲಿನ್ ಥರದ ದ್ರವ ಸಿಂಪಡಿಸಬೇಡಿ, ಕಟ್ಟು ಹಾಕಿಸುವುದಾದರೆ ಗಾಜಿಲ್ಲದೆ ಹಾಕಿಸಿ, ಗಾಜು ಬೇಕೇ ಬೇಕೆಂದರೆ ಅದು ಬಣ್ಣಕ್ಕೆ ತಾಗದಂತೆ ನಡುವೆ ಪಟ್ಟಿ ಕೊಡಿಸಿ, ತಾಗಿದ್ದು ಅಂಟಿಕೊಂಡರೆ ಬಿಡಿಸಲು ಬರುವುದಿಲ್ಲ.